ಬೀಗದೊಳಗಿನ ಟೆಲಿಫೋನು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಎಂದೂ ನಂಬಿದವನಲ್ಲ. ಹೇಳುವವರ ಮುಖ ನೋಡುತ್ತ, ಇವರು ಆ ಹೊತ್ತಿಗೆ ಎಷ್ಟು ದಣಿದಿದ್ದರೋ, ಯಾವ ತಪ್ಪನ್ನು ಮುಚ್ಚಲು ಈ ಮಾತು ಕಟ್ಟುತ್ತಿದ್ದಾರೋ ಎಂದು ಮನಸ್ಸಿನಲ್ಲೇ ಯೋಚಿಸುತ್ತಿದ್ದೆ. ಓದುಗರು ಈಗ ನನ್ನನ್ನೂ ಹಾಗೆಯೇ ನೋಡಿದರೆ ನನ್ನ ಆಕ್ಷೇಪವಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂದು ಕತ್ತಲೆ ಇರಲಿಲ್ಲ, ನನಗೆ ಜ್ವರ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ, ಸುಗ್ಗಿಯ ಬಿಸಿಲು. ನಾನು ನನ್ನ ಕುರ್ಚಿಯಲ್ಲಿ ಕುಳಿತಿದ್ದೆ.

ಹದಿನೈದು ವರ್ಷ ಸೈನ್ಯದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು, ಆಮೇಲೆ ಅಣ್ಣಿಗೇರಿಯ ಹೊರವಲಯದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಗೆ ಆಫೀಸಿನ ಮೇಲ್ವಿಚಾರಕನಾಗಿ ಬಂದವನು ನಾನು. ಸೈನ್ಯದಲ್ಲಿ ಕಲಿತದ್ದನ್ನು ಬಿಟ್ಟಿರಲಿಲ್ಲ. ನನ್ನ ಮೇಜಿನ ಮೇಲಿನ ಪೆನ್ಸಿಲುಗಳ ಮೊನೆ ಯಾವಾಗಲೂ ಬಾಗಿಲಿನ ಕಡೆಗೇ ಇರಬೇಕು. ಮೂರರಿಂದ ಮೂರೂವರೆಯವರೆಗೆ ಹಾಜರಿ ಪುಸ್ತಕ ನೋಡುವ ಹೊತ್ತು. ಆ ಅರ್ಧ ಗಂಟೆ ಯಾರೂ ನನ್ನ ಕೋಣೆಗೆ ಬರಕೂಡದು. ಜನ ಬೆನ್ನ ಹಿಂದೆ ನಗುತ್ತಿದ್ದರು, ನನಗೆ ಗೊತ್ತಿತ್ತು. ನಕ್ಕರೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ನಮ್ಮ ಸಾವಕಾರರು ಮುಂಬಯಿಗೆ ಹೋದಾಗ ಯಾರದೋ ಆಫೀಸಿನಲ್ಲಿ ಡಿಜಿಟಲ್ ಟೆಲಿಫೋನ್ ಪೆಟ್ಟಿಗೆಯೊಂದನ್ನು ನೋಡಿ, ಅಂಥದೇ ಒಂದನ್ನು ತಂದರು. ಗೋಡೆಗೆ ತೂಗುಹಾಕುವ, ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ. ಅದರಿಂದ ಜಿನ್ನಿನ ಎಂಟು ಕಡೆಗೆ ಗುಂಡಿ ಒತ್ತುವ ಎಂಟು ಫೋನುಗಳು. ಹನ್ನೊಂದರಿಂದ ಹದಿನೆಂಟರವರೆಗೆ ನಂಬರು, ನನ್ನದು ಹದಿನಾಲ್ಕು. ಫೋನುಗಳಲ್ಲದೆ ಹೊರಗಿನ ಬೇರೆ ಸಾಮಾನುಗಳನ್ನೂ ಅದಕ್ಕೆ ಜೋಡಿಸಬಹುದೆಂದು ಜತೆಗೆ ಬಂದ ಪುಸ್ತಕದಲ್ಲಿತ್ತು. ಅದನ್ನು ಓದಿದವನು ನಾನು, ಆಸೆಪಟ್ಟವನೂ ನಾನೇ.

ಜೋಡಿಸುವ ಕೆಲಸ ನಮ್ಮ ವೈರಮನ್ ಗುರುನಾಥನದು. ಕುಬಿಹಾಳದವನು, ಮೂವತ್ತರ ಒಳಗಿನ ವಯಸ್ಸು, ಮಾತು ಕಡಿಮೆ, ಕೈ ಅಚ್ಚುಕಟ್ಟು. ಅವನಿಗೆ ಮೂರು ಸಾಮಾನು ಹೇಳಿದೆ. ಗೋದಾಮಿಗೆ ಒಂದು ದೊಡ್ಡ ಗಂಟೆ. ಯಾವ ನಂಬರಿನಿಂದ ಎಷ್ಟು ಹೊತ್ತಿಗೆ ಏನು ಒತ್ತಿದರು ಎಂಬುದನ್ನು ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕುವ ಸಣ್ಣ ಪ್ರಿಂಟರು. ಮೂರನೆಯದು ಜಿನ್ನಿನ ಭೋಂಗಾ. ಕೆಲಸ ಶುರು, ಊಟ, ಮತ್ತೆ ಶುರು, ಬಿಡುವುದು ಎಂದು ದಿನಕ್ಕೆ ನಾಲ್ಕು ಸಲ ಕೂಗುವ ಆ ಭೋಂಗಾ ಇನ್ನು ಮುಂದೆ ಫೋನಿನಲ್ಲಿ ಅರವತ್ತು ಒತ್ತಿದರೆ ತಾನೇ ಇಪ್ಪತ್ತು ಸೆಕೆಂಡು ಕೂಗಿ ನಿಲ್ಲಬೇಕು. ಪೆಟ್ಟಿಗೆಯಿಂದ ನೇರವಾಗಿ ತಂತಿ ಎಳೆದರಾಯಿತಲ್ಲ ಎಂದೆ. ಗುರುನಾಥ ತಲೆಯಾಡಿಸಿದ.

"ಡಬ್ಬಿ ಒಳಗಿನ ಕರೆಂಟು ಇರಿವಿ ಇದ್ದಾಂಗ್ರಿ, ಭೋಂಗಾದ್ದು ಎತ್ತಿನಹಾಂಗ. ಇರಿವಿ ಕೈಯಾಗ ಎತ್ತಿನ ಹಗ್ಗ ಕೊಡಾಕ ಬರೂದಿಲ್ಲ. ನಡಬರಕ ಒಂದ ಗಟ್ಟಿ ಸ್ವಿಚ್ ಕುಂದರಸಬೇಕ್ರಿ."

ಹಾಗೆಯೇ ಮಾಡಿದ. ಟೆಲಿಫೋನಿನ ತಂತಿಗೆ ಒಂದು ಕೊಳವೆ, ಭೋಂಗಾದ ತಂತಿಗೆ ಮೂರಡಿ ದೂರದಲ್ಲಿ ಇನ್ನೊಂದು. ಒಂದರ ಕರೆಂಟು ಇನ್ನೊಂದನ್ನು ಕೆಣಕಬಾರದೆಂದು. ನಾನೇ ಅಳತೆಪಟ್ಟಿ ಹಿಡಿದು ನೋಡಿದ್ದೆ.

ಅದುವರೆಗೆ ಭೋಂಗಾ ಕೂಗಿಸುತ್ತಿದ್ದವನು ಸಂಶಿಯ ಫಕೀರಪ್ಪ. ಜಿನ್ನಿನ ಹಿಂದಿನ ಸಣ್ಣ ಕೋಣೆಯಲ್ಲಿ ಒಂದು ಹಿಡಿಕೆಯ ಮುಂದೆ ಬಹಳ ವರ್ಷ ಕುಳಿತವನು. ಅವನಿಗೊಂದು ರೂಢಿಯಿತ್ತು. ಹಿಡಿಕೆಯನ್ನು ಒಮ್ಮೆ ಒತ್ತಿ ಬಿಟ್ಟುಬಿಡುವನು. ಭೋಂಗಾ ಹಸು ಕರುವನ್ನು ಕೂಗಿದಂತೆ ಸಣ್ಣಗೆ ಹುಂ ಎನ್ನುವುದು. ಎರಡು ಉಸಿರಿನಷ್ಟು ತಡೆದು ಆಮೇಲೆ ಉದ್ದ ಕೂಗು. ಯಂತ್ರಕ್ಕೆ ಹತ್ತಿ ತುಂಬುವ ಹೆಂಗಸರ ಕೈ ಉರುಳೆಯ ಬಾಯಿಯ ಹತ್ತಿರವೇ ಇರುತ್ತದೆ. ಒಮ್ಮೆಲೇ ದೊಡ್ಡ ಕೂಗು ಬಿದ್ದರೆ ಬೆಚ್ಚುತ್ತಾರೆ, ಸಣ್ಣ ಕೂಗಿಗೆ ಕೈ ತೆಗೆದುಕೊಳ್ಳಲಿ ಎಂಬುದು ಅವನ ವಿಚಾರ. ನನಗೆ ಅದು ಅಶಿಸ್ತಾಗಿ ಕಂಡಿತ್ತು. ಒಂದು ಹೊತ್ತಿಗೆ ಒಂದೇ ಕೂಗು ಸಾಕು. ಹೊಸ ಏರ್ಪಾಡು ಬಂದ ಮೇಲೆ ಫಕೀರಪ್ಪನ ಅಗತ್ಯವಿಲ್ಲವೆಂದು ಬರೆದುಕೊಟ್ಟವನು ನಾನು. ಅವನು ಹಿಡಿಕೆಯನ್ನು ಕಳಚಿ, ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟು ಊರಿಗೆ ಹೋದ. ಹಿಡಿಕೆ ನನ್ನ ಕಪಾಟಿನಲ್ಲಿತ್ತು, ಆ ಕೋಣೆಗೂ ಬೀಗ ಬಿತ್ತು.

ಇನ್ನು ನನ್ನ ಫೋನಿನ ವಿಷಯ. ಹಳೆಯ ಫೋನುಗಳಿಗೆ ತಿರುಗುವ ಚಕ್ರವಿದ್ದಾಗ ಅದಕ್ಕೊಂದು ಪುಟ್ಟ ಬೀಗ ಹಾಕುತ್ತಿದ್ದೆವು. ಗುಂಡಿಯ ಫೋನಿಗೆ ಹಾಗೆ ಹಾಕಲು ಬರುವುದಿಲ್ಲವಾದ್ದರಿಂದ ಬಡಿಗನಿಂದ ಮುಚ್ಚಳದ ಮರದ ಪೆಟ್ಟಿಗೆ ಮಾಡಿಸಿ ಫೋನನ್ನು ಅದರೊಳಗಿಟ್ಟು ಬೀಗ ಹಾಕಿದ್ದೆ. ಕೀಲಿ ನನ್ನ ಉಡಿದಾರದಲ್ಲಿ. ಸುಗ್ಗಿಯಲ್ಲಿ ಜಿನ್ನಿನ ಗಾಳಿಯ ತುಂಬ ಹತ್ತಿಯ ನವಿರು ಹಾರುತ್ತಿರುತ್ತದೆ. ಮೇಜು ಒರೆಸಿ ಅರ್ಧ ಗಂಟೆಗೆ ಮತ್ತೆ ಬೆಳ್ಳಗೆ. ತಂತಿ ಹೋಗುವ ತೂತಿನಿಂದ, ಮುಚ್ಚಳದ ಸಂದಿನಿಂದ ಅದು ಪೆಟ್ಟಿಗೆಯೊಳಗೂ ನುಗ್ಗುತ್ತಿತ್ತು. ಆದ್ದರಿಂದ ನನ್ನ ಕ್ರಮ ಹೀಗಿತ್ತು: ಬೀಗ ತೆಗೆ, ಅರವತ್ತು ಒತ್ತು, ಒದ್ದೆ ಬಟ್ಟೆಯಿಂದ ಫೋನನ್ನು ಒರೆಸು, ಬೀಗ ಹಾಕು. ದಿನಕ್ಕೆ ನಾಲ್ಕು ಸಲ.

ಹೊಸ ಭೋಂಗಾ ಶುರುವಾದ ಎರಡನೆಯ ವಾರ, ಊಟದ ಕೂಗಿಗೆ ನೀಲವ್ವ ಎಂಬ ಹೆಂಗಸು ಬೆಚ್ಚಿ ಕೈ ಜಾರಿ, ಎರಡು ಬೆರಳಿನ ಉಗುರು ಕಿತ್ತುಹೋದವು. ಸ್ವಲ್ಪದರಲ್ಲಿ ಬೆರಳು ಉಳಿದವು. ಪುಸ್ತಕದಲ್ಲಿ ನಾನು 'ಅಜಾಗರೂಕತೆ' ಎಂದು ಬರೆದೆ.

ಅದೇ ವಾರ ಯಾರೋ ತಮಾಷೆಗೆ ಗೋದಾಮಿನ ಫೋನಿನಿಂದ ಅರವತ್ತು ಒತ್ತಿದರು. ಹೊತ್ತಲ್ಲದ ಹೊತ್ತಿಗೆ ಭೋಂಗಾ ಕೂಗಿದರೆ ಜಿನ್ನಿನಲ್ಲಿ ಅದಕ್ಕೆ ಒಂದೇ ಅರ್ಥ: ಹತ್ತಿಗೆ ಬೆಂಕಿ. ಯಂತ್ರ ನಿಲ್ಲಿಸಿ, ಎಲ್ಲರೂ ಬಯಲಿಗೆ ಓಡಿ ಬಂದು, ಸಾಲಾಗಿ ನಿಂತು ಹತ್ತಿ ತುಂಬಿದ ಅಂಡಿಗೆಗಳ ಮೇಲೆ ನೀರು ಸುರಿಯಬೇಕು. ಸುರಿದರು. ಒಳ್ಳೆಯ ಹತ್ತಿ ತೊಯ್ದುಹೋಯಿತು. ನಾನು ನೋಟೀಸು ಬರೆದು ಎಂಟೂ ಫೋನುಗಳ ಪಕ್ಕ ಅಂಟಿಸಿದೆ. ಕಾರಣವಿಲ್ಲದೆ ಭೋಂಗಾ ಕೂಗಿಸಿದವರ ನಂಬರು ಪಟ್ಟಿಯಲ್ಲಿ ಸಿಕ್ಕರೆ ಅವರು ಅದೇ ದಿನ ಸಂಜೆ ಕೆಲಸ ಬಿಟ್ಟು ಹೋಗತಕ್ಕದ್ದು. ಕೆಳಗೆ ನನ್ನ ಸಹಿ.

ಇಷ್ಟು ಹಿನ್ನೆಲೆ. ಈಗ ಆ ದಿನ.

ಒಂದೂವರೆಗೆ ಭೋಂಗಾ ಒತ್ತಿ, ಒರೆಸಿ, ಬೀಗ ಹಾಕಿದ್ದೆ. ಮೂರಕ್ಕೆ ಕದ ಮುಚ್ಚಿ ಹಾಜರಿ ಪುಸ್ತಕ ತೆಗೆದೆ. ಫೋನಿನ ಪೆಟ್ಟಿಗೆ ನನ್ನ ಎಡಗೈ ಬದಿಗೆ, ಮೊಳದಷ್ಟು ದೂರದಲ್ಲಿತ್ತು. ಬೆರಳಿಟ್ಟು ಹೆಸರುಗಳನ್ನು ಓದುತ್ತಿದ್ದೆ. ಭೋಂಗಾ ಸಣ್ಣಗೆ ಹುಂ ಎಂದಿತು.

ನಾನು ತಲೆ ಎತ್ತಿದೆ. ಎರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಉದ್ದ ಕೂಗು. ಮೊದಲು ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಆ ಏರ್ಪಾಡಿನಲ್ಲಿ ಸಣ್ಣ ಕೂಗಿಗೆ ಅವಕಾಶವೇ ಇರಲಿಲ್ಲ. ಒತ್ತಿದರೆ ಒಂದೇ ಸಮ ಇಪ್ಪತ್ತು ಸೆಕೆಂಡು. ಗುರುನಾಥ ಏನೋ ಕೈಚಳಕ ನಡೆಸಿದ್ದಾನೆ ಎಂದುಕೊಂಡೆ. ಗಡಿಯಾರದಲ್ಲಿ ಮೂರು ಹತ್ತು. ಹೊರಗೆ ಯಂತ್ರಗಳು ನಿಂತು, ಹೆಂಗಸರು ಬಯಲಿಗೆ ಬರುತ್ತಿದ್ದರು. ಎಲ್ಲಿಯೂ ಹೊಗೆಯಿಲ್ಲ. ನೀರು ಸುರಿಯಬೇಡಿರೆಂದು ಕಿಟಕಿಯಿಂದಲೇ ಕೈ ಬೀಸಿ, ಗೋಡೆಯ ಪೆಟ್ಟಿಗೆಯಿದ್ದ ಕೋಣೆಗೆ ಹೋದೆ. ಗುರುನಾಥ ಅದಾಗಲೇ ಅಲ್ಲಿದ್ದ. ಸಾವಕಾರರೂ ಬಂದರು. ಪ್ರಿಂಟರಿನಿಂದ ಪಟ್ಟಿ ಹರಿದು ಓದಿದವನು ನಾನೇ. ಮೂರು ಹತ್ತು. ಅರವತ್ತು. ನಂಬರು ಹದಿನಾಲ್ಕು.

ಸಾವಕಾರರು ಪಟ್ಟಿಯನ್ನು ಇಸಿದುಕೊಂಡು ನೋಡಿ ನನ್ನ ಮುಖ ನೋಡಿದರು. "ನಿಮ್ಮ ಕೈ ಹತ್ತೇತೇನ್ರಿ, ಸಾಹೇಬ್ರ? ಇಷ್ಟ ದಿನ ಮಂದಿಗೆ ನೋಟೀಸ ಹಚ್ಚೀರಿ, ಈಗ ಸಂಜೀಕ ಯಾರನ್ನ ಕಳಸೂಣು?" ಎಂದು ನಕ್ಕರು. ಅವರಿಗೆ ನಗೆ. ನನಗೆ ಕಿವಿ ಬಿಸಿಯಾಯಿತು.

ಫೋನು ಬೀಗದೊಳಗಿದೆ, ಕೀಲಿ ನನ್ನ ಸೊಂಟದಲ್ಲಿದೆ, ತೋರಿಸುತ್ತೇನೆ ಎಂದು ನಾನೊಬ್ಬನೇ ಕೋಣೆಗೆ ಹಿಂತಿರುಗಿದೆ. ಅಲ್ಲಿ ಕಂಡದ್ದನ್ನು ಆಗ ಯಾರಿಗೂ ಹೇಳಲಿಲ್ಲ. ಬೀಗ ಹಾಕಿದಂತೆಯೇ ಇತ್ತು. ತೆಗೆದು ಮುಚ್ಚಳ ಎತ್ತಿದೆ. ಫೋನಿನ ಮೇಲೆ ಒಂದೂವರೆಯಿಂದ ಕೂತ ನವಿರು ತೆಳ್ಳಗೆ, ಹಾಲಿನ ಕೆನೆಯಂತೆ ಹರಡಿತ್ತು. ಎಲ್ಲ ಗುಂಡಿಗಳ ಮೇಲೂ ಇತ್ತು, ಎರಡರ ಮೇಲೆ ಮಾತ್ರ ಇರಲಿಲ್ಲ. ಆರು ಮತ್ತು ಸೊನ್ನೆ. ಆ ಎರಡು ಆಗ ತಾನೇ ಒತ್ತಿದಂತೆ ಕರ್ರಗೆ ಹೊಳೆಯುತ್ತಿದ್ದವು.

ಆಮೇಲೆ ನಾನು ಒದ್ದೆ ಬಟ್ಟೆ ತೆಗೆದುಕೊಂಡು ಫೋನನ್ನು ಒರೆಸಿದೆ. ಬೀಗ ತೆಗೆದರೆ ಒರೆಸುವುದು ನನ್ನ ರೂಢಿ. ಕೈ ತಾನೇ ಹೋಯಿತು ಎಂದು ಹಲವು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಒರೆಸುವ ಮುಂಚೆ ಕದದ ಕಡೆ ತಿರುಗಿ ನೋಡಿದ್ದೆ. ಅದು ರೂಢಿಯಲ್ಲಿ ಇರಲಿಲ್ಲ.

ಹೊರಗೆ ಬಂದು, ಫೋನನ್ನು ಯಾರೂ ಮುಟ್ಟಿಲ್ಲ, ತಂತಿಗಳನ್ನು ಅದಲುಬದಲು ಮಾಡಿದ್ದಾರೆ, ಬೇರೆಯವರು ಒತ್ತಿದ್ದು ನನ್ನ ನಂಬರಾಗಿ ಅಚ್ಚಾಗಿದೆ ಎಂದೆ. ಅಲ್ಲಿ ತಂತಿ ಮುಟ್ಟುವವನು ಒಬ್ಬನೇ. ಎಲ್ಲರೂ ಗುರುನಾಥನ ಕಡೆ ತಿರುಗಿದರು. ಅವನು ಗೋಡೆಯ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಎಂಟೂ ತಂತಿಗಳನ್ನು ಸಾವಕಾರರ ಎದುರಿಗೇ ಒಂದೊಂದಾಗಿ ಪರೀಕ್ಷಿಸಿ ತೋರಿಸಿದ. ಎಲ್ಲ ಅದರದರ ಜಾಗದಲ್ಲಿದ್ದವು. ಫಕೀರಪ್ಪ ಕೂರುತ್ತಿದ್ದ ಭೋಂಗಾದ ಕೋಣೆಯ ಬೀಗವನ್ನು ನಾನೇ ತೆಗೆದೆ. ಒಳಗಿನ ನೆಲದ ಮೇಲೆ ದಪ್ಪ ಧೂಳು, ಹೆಜ್ಜೆಯ ಗುರುತಿಲ್ಲ.

ಅಷ್ಟರಲ್ಲಿ ಗೇಟಿನ ಕಾವಲುಗಾರ ಬಂದು, ಫಕೀರಪ್ಪ ಬಂದಿದ್ದಾನೆ, ಭೋಂಗಾ ಕೂಗುವಾಗಲೇ ಬಸ್ಸಿನಿಂದ ಇಳಿದ, ಆಗಿನಿಂದ ಗೇಟಿನಲ್ಲಿ ನಿಂತಿದ್ದಾನೆ ಎಂದ. ಗುರುನಾಥನ ಮುಖ ಬಣ್ಣಗೆಟ್ಟಿತು. ನಾನು ಅದನ್ನು ಗಮನಿಸಿದೆ. ಫಕೀರಪ್ಪ ನಿನಗೆ ಏನಾಗಬೇಕು ಎಂದು ಕೇಳಿದೆ. ಅವನು ಹೇಳಿದ: "ಮಾವ ಆಗಬೇಕ್ರಿ. ಅವರ ಮಗಳನ್ನ ಕೊಟ್ಟಾರ ನನಗ."

ನನ್ನ ಮನಸ್ಸಿನಲ್ಲಿ ಎಲ್ಲವೂ ಒಮ್ಮೆಲೇ ಜೋಡಿಯಾಯಿತು. ಮಾವನ ಕೆಲಸ ಹೋಯಿತು. ಆ ಕೆಲಸ ಕಸಿದ ತಂತಿ ಎಳೆದವನು ಅಳಿಯ. ಈಗ ತಂತಿ ನಂಬಿಕೆಗೆ ಯೋಗ್ಯವಲ್ಲ ಎಂದು ತೋರಿಸಿದರೆ ಮಾವ ಮತ್ತೆ ಹಿಡಿಕೆಯ ಮುಂದೆ ಕೂರುತ್ತಾನೆ. ಸರಿಯಾಗಿ ಅದೇ ನಿಮಿಷಕ್ಕೆ ಗೇಟಿಗೆ ಬಂದು ನಿಂತಿದ್ದಾನೆ, ಸಣ್ಣ ಕೂಗು ಬೇರೆ ಅವನದೇ. ಇಷ್ಟು ಚೆನ್ನಾಗಿ ಹೊಂದಿಕೊಂಡಾಗ ಆ ಎರಡು ಗುಂಡಿಗಳನ್ನು ಮರೆಯುವುದು ಸುಲಭವಾಯಿತು. ನಾನು ಸಾವಕಾರರಿಗೆ ಇದನ್ನೆಲ್ಲ ಒಂದೂ ಮಾತು ತಪ್ಪದೆ ವಿವರಿಸಿದೆ. ಅವರ ನಗೆ ನಿಂತಿತು. ಸಂಜೆಗೆ ಗುರುನಾಥನ ಲೆಕ್ಕ ಮುಗಿಸಿಬಿಡಿ ಎಂದರು.

ಫಕೀರಪ್ಪನನ್ನು ಒಳಗೆ ಕರೆಸಿದೆವು. ಕೈಯಲ್ಲಿ ರೊಟ್ಟಿಯ ಬುತ್ತಿ, ಹೆಗಲ ಮೇಲೆ ವಲ್ಲಿ, ಮುಖದ ತುಂಬ ಸಂತೋಷ. ಬಂದದ್ದು ಏಕೆ ಎಂದು ಕೇಳಿದೆ.

"ಮುಂಜಾನೆ ಹತ್ತರ ಸುಮಾರ ಕಣದಾಗ ಇದ್ನಿರಿ. ಭೋಂಗಾ ಕೇಳಿಸ್ತು. ಸಣ್ಣದೊಂದ, ಉದ್ದಂದೊಂದ. ಸಾಹೇಬ್ರು ಸಣ್ಣ ಕೂಗ ಮತ್ತ ಹಾಕಸ್ಯಾರ ಅಂತ ಅಗದಿ ಖುಷಿ ಆತ್ರಿ. ನೋಡಿ ಬರೂಣು ಅಂತ ಬಸ್ ಹತ್ತಿದೆ."

ಸಂಶಿ ಎಲ್ಲಿ, ಅಣ್ಣಿಗೇರಿ ಎಲ್ಲಿ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಬರಬೇಕು. ಅಷ್ಟು ದೂರಕ್ಕೆ ಯಾವ ಭೋಂಗಾವೂ ಕೇಳುವುದಿಲ್ಲ. ಅದಲ್ಲದೆ ಹತ್ತು ಗಂಟೆಗೆ ನಮ್ಮಲ್ಲಿ ಭೋಂಗಾ ಕೂಗಿರಲೇ ಇಲ್ಲ. ಪಟ್ಟಿಯನ್ನು ಮತ್ತೆ ನೋಡಿದೆ. ಎಂಟಕ್ಕೆ ಒಂದು, ಹನ್ನೆರಡೂವರೆಗೆ ಒಂದು, ಒಂದೂವರೆಗೆ ಒಂದು, ಮೂರು ಹತ್ತಕ್ಕೆ ಒಂದು. ಅದನ್ನು ಅವನ ಮುಖಕ್ಕೆ ಹಿಡಿದು, ಇದೆಲ್ಲ ಮಾವ ಅಳಿಯ ಕೂಡಿ ಆಡಿದ ಆಟ ಎಂದು ನೇರವಾಗಿ ಹೇಳಿದೆ.

ಅವನು ಅಳಿಯನ ಮುಖ ನೋಡಿದ, ನನ್ನ ಮುಖ ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸಾವಕಾರರಿಗೆ ಹಳೆಯ ಮನುಷ್ಯನ ಮೇಲೆ ಮರುಕ ಬಂದಿರಬೇಕು. ಅಥವಾ ಈ ಗೊಂದಲ ಮುಗಿದರೆ ಸಾಕಾಗಿತ್ತೇನೋ. "ಹೋಗ್ಲಿ ಬಿಡ್ರಿ. ಫಕೀರಪ್ಪ, ನಾಳಿಂದ ನೀನ ಬಂದು ಮೊದಲಿನಗತೆ ಕುಂದ್ರು" ಎಂದರು.

ನಾನು ಇದಕ್ಕೇ ಕಾಯುತ್ತಿದ್ದೆ. ಅವನು ಒಪ್ಪಿದ ಕೂಡಲೇ ನನ್ನ ಅನುಮಾನ ರುಜುವಾತಾಗುತ್ತಿತ್ತು.

"ಒಲ್ಲೆರಿ," ಎಂದ ಫಕೀರಪ್ಪ. "ನನ್ನ ಕಣ್ಣ ಮಂಜಾಗ್ಯಾವ, ಗಡಿಯಾರ ಕಾಣೂದಿಲ್ಲ. ಬಿಡಿಸಿದ್ದ ಚಲೋ ಆತು. ಅವನ ಕೆಲಸ ಅವಗ ಇರಲಿ. ಆ ಸಣ್ಣ ಕೂಗೊಂದ ಹಾಕ್ರಿ, ಸಾಕು. ನೀಲವ್ವನ ಕೈ ಹಾಂಗಾತಂತ, ಮಗಳು ಹೇಳಿದ್ಲು."

ಇಷ್ಟು ಹೇಳಿ, ಬುತ್ತಿ ಬಿಚ್ಚದೆ, ಅಳಿಯನ ಮನೆಗೂ ಹೋಗದೆ, ಸಂಜೆಯ ಬಸ್ಸಿಗೆ ಹೊರಟುಹೋದ. ನನ್ನ ಕೈಯಲ್ಲಿ ಪಟ್ಟಿ ಉಳಿಯಿತು. ಜೋಡಿಸಿಟ್ಟ ಅನುಮಾನದಿಂದ ಕಾರಣವೇ ಜಾರಿಹೋಗಿತ್ತು. ಕೆಲಸ ಬೇಡದವನು ಅಷ್ಟು ದೂರದಿಂದ ಬಂದು ಆಟ ಏಕೆ ಆಡುತ್ತಾನೆ? ಆದರೂ ನಾನು ಬಿಡಲಿಲ್ಲ. ಎದುರಿಗಿದ್ದ ಇನ್ನೊಂದು ದಾರಿ ನನ್ನ ಬೀಗದ ಪೆಟ್ಟಿಗೆಯ ಒಳಗೆ ಹೋಗುತ್ತಿತ್ತು.

ಗುರುನಾಥನನ್ನು ಅಂದು ಕಳಿಸಲಿಲ್ಲ. ಹುಬ್ಬಳ್ಳಿಯಿಂದ ಬಲ್ಲವರೊಬ್ಬರನ್ನು ಕರೆಸಿ ತೋರಿಸೋಣ ಎಂದರು ಸಾವಕಾರರು. ಬಂದವರು ಅರ್ಧ ದಿನ ನೋಡಿದರು. ಜಿನ್ನಿನ ಮೋಟಾರುಗಳ ಕಿಡಿಯಿಂದ ಇಂಥ ಪೆಟ್ಟಿಗೆ ತಪ್ಪು ಸಂಕೇತ ಹಿಡಿಯಬಹುದು, ತಪ್ಪು ನಂಬರನ್ನೂ ಅಚ್ಚು ಹಾಕಬಹುದು ಎಂದರು. ಹಾಗಾದರೆ ಆ ಸಣ್ಣ ಕೂಗು ಎಲ್ಲಿಂದ ಬಂತು ಎಂದು ಕೇಳಿದೆ. ಅದು ತಮಗೆ ತಿಳಿಯದು ಎಂದು ಚಹಾ ಕುಡಿದು ಹೋದರು. ಆ ಎರಡು ಗುಂಡಿಗಳ ಸಂಗತಿಯನ್ನು ಅವರಿಗೂ ಹೇಳಲಿಲ್ಲ.

ಮುಂದಿನ ವಾರ ಗುರುನಾಥ ಇನ್ನೊಂದು ಸಣ್ಣ ಸ್ವಿಚ್ಚು ಜೋಡಿಸಿ, ಅರವತ್ತು ಒತ್ತಿದರೆ ಮೊದಲು ಸಣ್ಣ ಕೂಗು, ಆಮೇಲೆ ಉದ್ದ ಕೂಗು ಬರುವಂತೆ ಮಾಡಿದ. ನಾನು ಹೇಳದೆಯೇ ಮಾಡಿದ, ನಾನೂ ತಡೆಯಲಿಲ್ಲ. ಆದರೆ ಅಂದಿನಿಂದ ಅವನು ಎಲ್ಲಿ ಏಣಿ ಇಟ್ಟರೂ ನಾನು ಕೆಳಗೆ ನಿಂತು ನೋಡುತ್ತಿದ್ದೆ. ಅವನ ಚೀಲ ಗೇಟಿನಲ್ಲಿ ತೆಗೆಸಿ ನೋಡಲು ಕಾವಲುಗಾರನಿಗೆ ಹೇಳಿದ್ದೆ. ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ದಿನ ಗುರುನಾಥ ಟೆಸ್ಟರು, ಇಕ್ಕಳ ಎಲ್ಲವನ್ನೂ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟ. ಮೊನೆಗಳೆಲ್ಲ ಬಾಗಿಲಿನ ಕಡೆಗೆ. ಬೇಕೆಂದೇ ಹಾಗೆ ಇಟ್ಟನೋ ಏನೋ. ಕೆಲಸ ಬಿಡುತ್ತೇನೆ, ಬರುತ್ತೇನೆ ಎಂದು ನಮಸ್ಕಾರ ಮಾಡಿ ಹೋದ. ಏಕೆ ಎಂದು ನಾನು ಕೇಳಲಿಲ್ಲ.

ನಾನು ನಿವೃತ್ತನಾದ ಮೇಲೆ ಒಮ್ಮೆ ಮದುವೆಗೆಂದು ಸಂಶಿಗೆ ಹೋಗಿದ್ದಾಗ ಸಂತೆಯ ಹಾದಿಯಲ್ಲಿ ಗುರುನಾಥನ ಅಂಗಡಿ ಕಂಡಿತು. ನೀರೆತ್ತುವ ಮೋಟಾರು ರಿಪೇರಿಯ ಅಂಗಡಿ. ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದ. "ಬರ್ರಿ ಸಾಹೇಬ್ರ" ಎಂದು ಎದ್ದು ಸ್ಟೂಲು ಕೊಟ್ಟು ಚಹಾ ತರಿಸಿದ. ಮಾವ ತೀರಿಕೊಂಡು ಎರಡು ವರ್ಷವಾಯಿತು ಎಂದ. ಆ ದಿನ ಮುಂಜಾನೆ ಕಣದಲ್ಲಿ ಭೋಂಗಾ ಕೇಳಿದ್ದು ನಿಜವೆಂದೇ ಕೊನೆಯವರೆಗೂ ಹೇಳುತ್ತಿದ್ದನಂತೆ.

ಚಹಾ ಮುಗಿಸಿದ ಮೇಲೆ ನಾನು ಅವನಿಗೆ ಬೀಗದ ಪೆಟ್ಟಿಗೆಯ ಸಂಗತಿ ಹೇಳಿದೆ. ನವಿರು, ಆರು, ಸೊನ್ನೆ, ಒದ್ದೆ ಬಟ್ಟೆ. ಕದದ ಕಡೆ ತಿರುಗಿ ನೋಡಿದ್ದನ್ನೂ ಹೇಳಿದೆ. ಅವನು ತಂತಿ ಸುತ್ತುವುದನ್ನು ನಿಲ್ಲಿಸಿದ. ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ತಾಮ್ರದ ಎಳೆಯನ್ನು ನೋಡುತ್ತಿದ್ದ.

"ಅದನ್ನ ಆವತ್ತ ಹೇಳಿದ್ದರ ನಾ ಕೆಲಸ ಬಿಡತಿದ್ದಿಲ್ರಿ, ಸಾಹೇಬ್ರ," ಎಂದ. ಆಮೇಲೆ ಮೆಲ್ಲಗೆ, "ಅಲ್ರಿ, ನಾ ಇಷ್ಟ ವರ್ಷ ನೀವ ಒತ್ತೀರಿ ಅಂತ ತಿಳಕೊಂಡಿದ್ದೆ."

ನಾನು ಒತ್ತಲಿಲ್ಲ ಎಂದೆ. ಅವನು ಖಾಲಿ ಕಪ್ಪುಗಳನ್ನು ಎತ್ತಿ ಬದಿಗಿಟ್ಟು ಮತ್ತೆ ತಂತಿ ಸುತ್ತತೊಡಗಿದ.

ಆ ಪಟ್ಟಿಯ ತುಂಡು ಇಂದಿಗೂ ನನ್ನ ಬಳಿ ಇದೆ. ತಿಂಗಳಿಗೊಮ್ಮೆ ಕಪಾಟು ಒರೆಸುವಾಗ ತೆಗೆದು ನೋಡುತ್ತೇನೆ. ಮೂರು ಹತ್ತು, ಅರವತ್ತು, ಹದಿನಾಲ್ಕು. ಮಾವ ಅಳಿಯರ ಮೇಲೆ ಅನುಮಾನಪಟ್ಟೆ, ಮೋಟಾರಿನ ಕಿಡಿಯ ಮೇಲೆ ಪಟ್ಟೆ. ಗುರುನಾಥ ಹೇಳಿದ ಮೇಲೆ ನನ್ನ ಎಡಗೈಯ ಮೇಲೂ ಪಟ್ಟಿದ್ದೇನೆ. ಕೀಲಿ ಉಡಿದಾರದಲ್ಲೇ ಇತ್ತು, ಬೆರಳು ಹಾಜರಿ ಪುಸ್ತಕದ ಮೇಲೆ ಇತ್ತು ಎಂದು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ. ಆ ಎರಡು ಗುಂಡಿಗಳ ಮೇಲಿನ ನವಿರು ಎಲ್ಲಿ ಹೋಯಿತು ಎಂದು ಕೇಳಿದರೆ ಮಾತ್ರ ನನಗೆ ಗೊತ್ತಿಲ್ಲ. ಉಳಿದದ್ದನ್ನು ಒರೆಸಿದವನು ನಾನು.